ಅಂಚೆಯ ಚೀಟಿಯ ರೂವಾರಿ

ಶಿಲೆಯನ್ನು ಕಡೆದವನ ಹೆಸರು ಶಿಲೆಯಲ್ಲಿಯೇ ಉಳಿಯಬೇಕೆಂಬುದು ಕನ್ನಡ ನಾಡಿನ ಹಳೆಯ ಮರ್ಯಾದೆಗಳಲ್ಲಿ ಒಂದು. ಬೇಲೂರಿನ ಮದನಿಕೆಗಳನ್ನು ಕಡೆದ ಬಳ್ಳಿಗಾವೆಯ ದಾಸೋಜನೂ ಆತನ ಮಗ ಚಾವಣನೂ ತಮ್ಮ ಹೆಸರುಗಳನ್ನು ಅಲ್ಲಿಯೇ ಬರೆದಿಟ್ಟರು. ನುಗ್ಗೇಹಳ್ಳಿಯಲ್ಲಿಯೂ ಸೋಮನಾಥಪುರದಲ್ಲಿಯೂ ಮಲ್ಲಿತಮ್ಮನ ಹೆಸರನ್ನು ಇಂದಿಗೂ ಓದಬಹುದು. ವಿಜಯನಗರದ ಕೃಷ್ಣದೇವರಾಯನ ತಾಮ್ರಶಾಸನಗಳಲ್ಲಿ ರಾಯನ ವಂಶವನ್ನೂ ದಾನವನ್ನೂ ವರ್ಣಿಸಿ ಮುಗಿಸಿದ ಮೇಲೆ, ಶ್ಲೋಕಗಳನ್ನು ರಚಿಸಿದ ಸಭಾಪತಿಯ ಹೆಸರೂ ಅವುಗಳನ್ನು ತಾಮ್ರದಲ್ಲಿ ಕೊರೆದ ಮಲ್ಲಣನ ಮಗ ವೀರಣಾಚಾರ್ಯನ ಹೆಸರೂ ಬರುತ್ತವೆ. ಭೂಮಿಯನ್ನು ಕೊಟ್ಟ ಅರಸನಿಗೆ ದೊರೆತ ತಾಮ್ರದ ಮೇಲೆಯೇ ಅಕ್ಷರವನ್ನು ಕೊರೆದ ಕೈಗೂ ಒಂದಿಷ್ಟು ಸ್ಥಳ ದೊರೆಯಿತು. ಇಂತಹ ಕೈಯುಳ್ಳವನನ್ನು ನಮ್ಮ ಹಿರಿಯರು ರೂವಾರಿಯೆಂದು ಕರೆದರು.

ಕಲ್ಲು ತಾಮ್ರಗಳಲ್ಲಿ ನಡೆದುಬಂದ ಈ ಮರ್ಯಾದೆಯು ಅಂಚೆಯ ಚೀಟಿಯ ವಿಷಯದಲ್ಲಿ ಏನಾಯಿತೆಂದು ವಿಚಾರಿಸುವವರು ವಿರಳ. ಸ್ಟಾಂಪೆಂದರೆ ಕಾಗದದ ತುಣುಕು. ಅದರ ಕೆಲಸವು ಕಾಸಿನ ಲೆಕ್ಕ. ಟಪಾಲಿನ ಮುದ್ರೆ ಬಿದ್ದೊಡನೆ ಅದರ ಬಾಳು ತೀರಿತು ಎಂಬುದು ಲೋಕದ ಎಣಿಕೆ. ಆದರೆ ಕೆತ್ತಿದ ಅಚ್ಚಿನಿಂದ ಹುಟ್ಟಿದ ಸ್ಟಾಂಪೂ ಒಂದು ಶಿಲ್ಪವೇ ಸರಿ. ಮೆದುಮಾಡಿದ ಉಕ್ಕಿನ ತುಂಡೊಂದರ ಮೇಲೆ, ಸ್ಟಾಂಪಿನಷ್ಟೇ ಅಳತೆಯಲ್ಲಿ, ಕೆತ್ತನೆಗಾರನು ಭೂತಗನ್ನಡಿಯಲ್ಲಿ ಕಣ್ಣಿಟ್ಟು ಮೊನೆಯಾದ ಉಳಿಯಿಂದ ಗೆರೆಗೆರೆಯಾಗಿ ಚಿತ್ರವನ್ನು ಕೊರೆಯುತ್ತಾನೆ. ಅದನ್ನೂ ಕನ್ನಡಿಯಲ್ಲಿ ಕಂಡಂತೆ ಎಡಬಲಗಳನ್ನು ತಿರುಗಿಸಿ ಕೊರೆಯಬೇಕು. ಅನಂತರ ಆ ಉಕ್ಕನ್ನು ಕಾಸಿ ಗಟ್ಟಿಮಾಡಿ, ಅದರ ಪಡಿಯಚ್ಚನ್ನು ಉಕ್ಕಿನ ಉರುಳೆಯೊಂದಕ್ಕೆ ತೆಗೆದು, ಉರುಳೆಯಿಂದ ದೊಡ್ಡ ಫಲಕದ ಮೇಲೆ ಒಂದೇ ಚಿತ್ರವನ್ನು ಸಾಲುಸಾಲಾಗಿ ಒತ್ತುವರು. ಫಲಕಕ್ಕೆ ಮಸಿಯನ್ನು ಬಳಿದು ಮೇಲ್ಮೈಯನ್ನು ಒರೆಸಿದರೆ ತಗ್ಗಿನ ಗೆರೆಗಳಲ್ಲಿ ಮಾತ್ರ ಮಸಿ ನಿಲ್ಲುವುದು. ಬಲವಾಗಿ ಒತ್ತಿದ ಕಾಗದವು ಅದನ್ನು ಎತ್ತಿಕೊಳ್ಳುವುದು.

ಆದಕಾರಣವೇ ಇಂತಹ ಸ್ಟಾಂಪಿನ ಗೆರೆಯು ಕಣ್ಣಿಗೆ ಕಾಣುವುದಷ್ಟೇ ಅಲ್ಲದೆ ಬೆರಳಿಗೂ ತಾಕುವುದು. ತೆಳುವಾದ ಬೆಳ್ಳಿಕಾಗದವನ್ನು ಅದರ ಮೇಲಿಟ್ಟು ಮೆಲ್ಲನೆ ಉಜ್ಜಿದರೆ ಉಬ್ಬಿದ ಗೆರೆಗಳು ಆ ಹಾಳೆಯಲ್ಲಿ ಮೂಡುವುವು. ಲಂಡನ್ನಿನ ಡಿ ಲಾ ರೂ ಕಂಪೆನಿಯವರು 1855ರಿಂದ ಸುಮಾರು 70 ವರ್ಷ ಭಾರತಕ್ಕೆ ಅಚ್ಚುಮಾಡಿ ಕಳುಹಿಸಿದ ರಾಣಿರಾಜರ ಸ್ಟಾಂಪುಗಳಲ್ಲಿ ಈ ಗುಣವಿಲ್ಲ. ಅವು ಪುಸ್ತಕದ ಮೊಳೆಗಳಂತೆ ಉಬ್ಬಿದ ಅಚ್ಚಿನಿಂದ ಒತ್ತಿದವು. ನಾಸಿಕದ ಮುದ್ರಣಾಲಯದಲ್ಲಿ 1952ರಲ್ಲಿ ಸಂತರ ಮತ್ತು ಕವಿಗಳ ಮಾಲೆಯನ್ನು ಫೋಟೊಗ್ರಾವ್ಯೂರ್ ಕ್ರಮದಿಂದ ಮುದ್ರಿಸಿದರು. ಅಂತಹ ಸ್ಟಾಂಪಿನ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಾಣುವುದು ಗೆರೆಯಲ್ಲ, ಬಲೆಯಂತೆ ಹರಡಿದ ಸೂಕ್ಷ್ಮವಾದ ಚುಕ್ಕೆಗಳು. ಗೆರೆಯಿದ್ದಲ್ಲಿ ಕೈಯಿದೆ. ಕೈಯಿದ್ದಲ್ಲಿ ಅದು ಯಾರ ಕೈಯೆಂಬ ಪ್ರಶ್ನೆಯು ತಾನಾಗಿ ಏಳುವುದು.

ಲೋಕದ ಮೊದಲನೆಯ ಅಂಚೆಚೀಟಿಯಲ್ಲಿ ಈ ಪ್ರಶ್ನೆಗೆ ಉತ್ತರವುಂಟು. 1840ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಹೊರಟ ಕಪ್ಪು ಬಣ್ಣದ ಒಂದು ಪೆನ್ನಿಯ ಸ್ಟಾಂಪಿಗೆ ವಿಲಿಯಂ ವಯನ್ ಎಂಬಾತನು ಸಿದ್ಧಪಡಿಸಿದ ಪದಕದ ಮೇಲಿನ ವಿಕ್ಟೋರಿಯಾ ರಾಣಿಯ ಮುಖವೇ ಮಾದರಿ. ಅದನ್ನು ನೋಡಿ ಹೆನ್ರಿ ಕಾರ್ಬೋಲ್ಡನು ಚಿತ್ರ ಬರೆದನು. ಚಾರ್ಲ್ಸ್ ಹೀತ್ ಮತ್ತು ಆತನ ಮಗ ಫ್ರೆಡರಿಕ್ ಉಕ್ಕಿನಲ್ಲಿ ಕೊರೆದರು. ಮುಖವನ್ನೇ ಆರಿಸಿದುದಕ್ಕೆ ಕಾರಣವಿತ್ತು. ಮನುಷ್ಯನ ಕಣ್ಣು ಬೇರಾವ ಚಿತ್ರದಲ್ಲಿಯೂ ಗಮನಿಸದ ಕೂದಲೆಳೆಯ ವ್ಯತ್ಯಾಸವನ್ನು ಮುಖದಲ್ಲಿ ಥಟ್ಟನೆ ಗುರುತಿಸುವುದು. ಆದುದರಿಂದ ಕಳ್ಳಚೀಟಿ ಮಾಡುವುದು ಕಷ್ಟ.

ಆ ವಯನ್ ಮನೆತನದ ಕೈಯು ಕನ್ನಡ ನಾಡಿಗೂ ಬಂದಿತು. ಬೀದರ, ಕಲಬುರಗಿ, ರಾಯಚೂರುಗಳು ನಿಜಾಮರ ರಾಜ್ಯಕ್ಕೆ ಸೇರಿದ್ದಾಗ ಅಲ್ಲಿಯ ಕಾಗದಗಳಿಗೆ ಹೈದರಾಬಾದಿನ ಸ್ಟಾಂಪನ್ನೇ ಅಂಟಿಸುತ್ತಿದ್ದರು. ಮೈಸೂರಿನ ಅಂಚೆಯು 1889ರಲ್ಲಿ ಬ್ರಿಟಿಷರ ಅಂಚೆಯಲ್ಲಿ ಸೇರಿಹೋದರೂ ನಿಜಾಮರ ಅಂಚೆಯು 1950ರವರೆಗೆ ಪ್ರತ್ಯೇಕವಾಗಿ ನಡೆಯಿತು. 1905ರಲ್ಲಿ ಹೊರಟ ಅದರ ಸ್ಟಾಂಪುಗಳ ಅಚ್ಚನ್ನು ಕೆತ್ತಿದವನು ಲಂಡನ್ನಿನ ಅಲನ್ ಜಿ. ವಯನ್. ಕೆಲವು ವರ್ಷಗಳಾದಮೇಲೆ ಅದೇ ಚಿತ್ರವನ್ನು ಬ್ರ್ಯಾಡ್‌ಬರಿ ವಿಲ್ಕಿನ್ಸನ್ ಕಂಪೆನಿಯವರು ಹೊಸದಾಗಿ ಕೆತ್ತಿದರು. ಎರಡೂ ಮೇಲುನೋಟಕ್ಕೆ ಒಂದೇ. ಆದರೆ ಕಾಲಾಣೆಯ ಸ್ಟಾಂಪುಗಳೆರಡನ್ನು ಜೊತೆಯಲ್ಲಿಟ್ಟು ನೋಡಿದರೆ ವಯನ್ನನ ಕೆತ್ತನೆಯಲ್ಲಿ ಬೆಲೆಯನ್ನು ಹೇಳುವ ಭಿನ್ನಾಂಕವು ಪಟ್ಟಿಯ ಕೊನೆಗೆ ಹೆಚ್ಚು ಸಮೀಪವಾಗಿರುವುದು. ಇಂಗ್ಲಿಷಿನಲ್ಲಿ ಬರೆದ ಬೆಲೆಗೂ ಅದರ ಕೆಳಗಣ ಪಟ್ಟಿಗೂ ನಡುವೆ ಅಂತರವು ಹೆಚ್ಚಾಗಿರುವುದು. ಇಷ್ಟು ಕಿರಿದಾದ ಎಡೆಯಲ್ಲಿ ಒಬ್ಬ ರೂವಾರಿಯು ಇನ್ನೊಬ್ಬನಿಂದ ಬೇರೆಯಾಗಿ ನಿಲ್ಲುತ್ತಾನೆ.

ಬೆಂಗಳೂರಿನ ದಕ್ಷಿಣಕ್ಕೆ 1948ರ ಸುಮಾರಿನಲ್ಲಿ ರೂಪುಗೊಳ್ಳತೊಡಗಿದ ಜಯನಗರದಲ್ಲಿಯೂ, ಅನಂತರ ಬೆಳೆದ ಬನಶಂಕರಿ, ಜೆ. ಪಿ. ನಗರಗಳಲ್ಲಿಯೂ ನಾಡಿನ ಎಲ್ಲ ಮೂಲೆಗಳಿಂದ ಬಂದು ನೆಲಸಿದ ಸಂಸಾರಗಳಿವೆ. ಅವರೊಡನೆ ಅವರ ಹಿರಿಯರ ಕಾಗದಗಳೂ ತಗಡಿನ ಪೆಟ್ಟಿಗೆಗಳಲ್ಲಿ ಬಂದುವು. ಜಯನಗರದ ಅಂತಹ ಮನೆಯೊಂದರಲ್ಲಿ, ರಾಯಚೂರಿನ ಕಡೆಯಿಂದ ಬಂದ ಹಿರಿಯರೊಬ್ಬರು ಕೆತ್ತಿದ ಸ್ಟಾಂಪುಗಳನ್ನು ಮಾತ್ರ ಆರಿಸಿ ಪುಸ್ತಕವೊಂದರಲ್ಲಿ ಜೋಡಿಸಿಟ್ಟಿದ್ದಾರೆ. ಪ್ರತಿಯೊಂದರ ಕೆಳಗೂ ‘ಕೆತ್ತಿದವರು’ ಎಂಬ ಕಲಮು. ಕಾಲಾಣೆಯ ಕೆಳಗೆ ವಯನ್ನನ ಹೆಸರಿದೆ. ಮುಂದಿನ ಪುಟದಲ್ಲಿ 1931ರ ಹೈದರಾಬಾದಿನ 12 ಆಣೆಯ ಕೆಂಪು ಸ್ಟಾಂಪು. ಅದರಲ್ಲಿರುವುದು ಬೀದರಿನಲ್ಲಿ ಬಹಮನೀ ಮಂತ್ರಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ವಿದ್ಯಾಶಾಲೆಯ ಚಿತ್ರ. ಅದರ ಕೆಳಗಿನ ಕಲಮು ಮಾತ್ರ ಬರಿದು.

ಮೊಮ್ಮಗಳು ಒಮ್ಮೆ ಕೇಳಿದಳು: “ತಾತ, ಇದಕ್ಕೇಕೆ ಹೆಸರು ಬರೆದಿಲ್ಲ?”

“ಫಲಕಗಳು ಡಿ ಲಾ ರೂ ಕಂಪೆನಿಯವು ಎಂದು ಪಟ್ಟಿಯಲ್ಲಿದೆಯಮ್ಮ. ಕಂಪೆನಿಗೆ ಹೆಸರುಂಟು, ಕೈಯಿಲ್ಲ.”

“ಗೆರೆಗಳು ವಯನ್ನನ ಹಾಗೆಯೇ ಕಾಣುತ್ತವಲ್ಲ? ಅವನದೇ ಎಂದು ಬರೆದುಬಿಡಿ. ನೋಡುವವರಿಗೆ ತೃಪ್ತಿಯಾಗುತ್ತದೆ.”

“ಹಾಗೆ ಬರೆದರೆ ನೋಡುವವರಿಗೆ ತೃಪ್ತಿ, ಕೆತ್ತಿದವನಿಗೆ ಮೋಸ. ಅವನ ಹೆಸರು ಎಂದಾದರೂ ಸಿಕ್ಕಿದರೆ ಬರೆಯುವುದಕ್ಕೆ ಜಾಗವಿರಬೇಡವೇ?”

ಹುಡುಗಿ ಸುಮ್ಮನಾದಳು. ಬೆಳ್ಳಿಕಾಗದದ ಮೇಲೆ ಕಾಲಾಣೆಯ ಗೆರೆಗಳನ್ನು ಇಳಿಸುವುದನ್ನು ಅವಳು ಕಲಿತುದು ಆ ದಿನವೇ.

ಈ ಸ್ಟಾಂಪು ಬೀದರಿನ ಚಿತ್ರವನ್ನು ಹೊತ್ತಿರುವುದೂ ವಿಚಾರಮಾಡತಕ್ಕ ಸಂಗತಿ. ಬೀದರವೇ ಕೆತ್ತನೆಯ ಊರು. ಅಲ್ಲಿಯ ಬಿದರಿ ಕೆಲಸಗಾರರು ಸತುವು ತಾಮ್ರಗಳ ಎರಕದ ಮೇಲೆ ಉಳಿಯಿಂದ ಬಳ್ಳಿಗಳನ್ನು ಕೊರೆದು, ಆ ತಗ್ಗಿನಲ್ಲಿ ಬೆಳ್ಳಿಯನ್ನು ಕೂರಿಸಿ, ಕೋಟೆಯ ಹಳೆಯ ಮಣ್ಣಿನಿಂದ ಪಾತ್ರೆಗೆ ಕಪ್ಪೇರಿಸುವರು. ಉಕ್ಕಿನ ತಗ್ಗಿನಲ್ಲಿ ಮಸಿ, ಎರಕದ ತಗ್ಗಿನಲ್ಲಿ ಬೆಳ್ಳಿ. ಎರಡರಲ್ಲಿಯೂ ಒಮ್ಮೆ ತಪ್ಪಿದ ಗೆರೆಯನ್ನು ಸುಲಭವಾಗಿ ಅಳಿಸಲಾಗದು. ಬಿದರಿಯ ಹೂಜಿಯನ್ನು ಕೊಂಡವರು ಊರಿನ ಹೆಸರನ್ನು ಹೇಳುವರೇ ಹೊರತು ಕೊರೆದವನ ಹೆಸರನ್ನು ಕೇಳುವುದು ಅಪರೂಪ.

ಕೆತ್ತಿದವನಿಗೆ ಸಲ್ಲಬೇಕಾದುದನ್ನು ಸಲ್ಲಿಸಿದ ದೇಶಗಳೂ ಉಂಟು. ಫ್ರಾನ್ಸಿನ ಅನೇಕ ಸ್ಟಾಂಪುಗಳ ಕೆಳ ಅಂಚಿನಲ್ಲಿ ಚಿತ್ರಕಾರನ ಮತ್ತು ಕೆತ್ತನೆಗಾರನ ಹೆಸರುಗಳು ಇರುವೆಯ ಸಾಲಿನಂತೆ ಅಚ್ಚಾಗಿರುವುವು. ಪೋಲೆಂಡಿನಲ್ಲಿ ಹುಟ್ಟಿ ಸ್ವೀಡನ್ನಿನಲ್ಲಿ ನೆಲಸಿದ ಚೆಸ್ಲಾವ್ ಸ್ಲಾನಿಯಾ 2000ದಲ್ಲಿ ತನ್ನ 1000ನೆಯ ಸ್ಟಾಂಪನ್ನು ಪೂರೈಸಿದನು. 2005ರಲ್ಲಿ ಆತನು ತೀರಿಕೊಂಡಾಗ ಲೋಕದ ಸಂಗ್ರಾಹಕರು ಬಂಧುವನ್ನು ಕಳೆದುಕೊಂಡವರಂತೆ ಮರುಗಿದರು. ಆತನ ಗೆರೆಯನ್ನು ಅವರು ಗೆಳೆಯನ ಕೈಬರಹದಂತೆ ಬಲ್ಲವರಾಗಿದ್ದರು.

ಈಗ ಕೆತ್ತಿದ ಸ್ಟಾಂಪುಗಳು ಕಡಮೆಯಾಗಿವೆ. ಕಾಗದ ಬರೆಯುವವರೂ ಕಡಮೆ. ಹಳೆಯ ಪೆಟ್ಟಿಗೆಗಳನ್ನು ತೂಕಕ್ಕೆ ಹಾಕುವ ದಿನ ಒಂದೊಂದು ಮನೆಯಲ್ಲಿಯೂ ಬರುವುದು. ಆಗ ಮನೆಯವರು ಒಂದು ಗಳಿಗೆ ತಡೆದು, ಲಕೋಟೆಯ ಮೂಲೆಯ ಮೇಲೆ ಬೆರಳಾಡಿಸಿ ನೋಡಿದರೆ ಸಾಕು. ಗೆರೆ ತಾಕಿದರೆ, ಯಾವನೋ ಒಬ್ಬನು ಉಕ್ಕಿನ ಮೇಲೆ ಬಾಗಿ ಹಲವು ದಿನ ಕಣ್ಣು ನೋಯಿಸಿಕೊಂಡುದರ ಗುರುತು ಅದು. ಅವನ ಹೆಸರು ತಿಳಿದಿದ್ದರೆ ಬರೆದಿಡುವುದು ಧರ್ಮ. ತಿಳಿಯದಿದ್ದರೆ ಅವನ ಸ್ಥಳದಲ್ಲಿ ಬೇರೊಬ್ಬನನ್ನು ಕೂರಿಸದಿರುವುದೂ ಧರ್ಮವೇ.