ಕನ್ನಡಿಯ ಚೂರು

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆಯಬೇಕೆಂದು ಕರೆ ಬಂದಾಗ ನನಗೆ ಮೊದಲು ನೆನಪಾದದ್ದು ಒಂದು ಕನ್ನಡಿಯ ಚೂರು. ಜವಳಗಿರಿಯ ನಮ್ಮ ಶಾಲೆಯ ಬಯಲಿನಲ್ಲಿ ಅದರಿಂದ ಬಿಸಿಲನ್ನು ತಿರುಗಿಸಿ, ಓಡುವ ಗೆಳೆಯನ ಬೆನ್ನಿಗೆ ಬಿಡುವುದು ನಮ್ಮ ಆಟವಾಗಿತ್ತು. ವಿಜ್ಞಾನದ ಮೇಷ್ಟ್ರು ಕಂಡರು, ಗದರಲಿಲ್ಲ. "ನೀನೂ ಓಡುತ್ತಾ ಬಿಡು, ನೋಡೋಣ" ಎಂದರು. ನನ್ನಿಂದ ಆಗಲಿಲ್ಲ.

ಮುಂದೆ ಬೆಂಗಳೂರಿನಲ್ಲಿ ನನ್ನ ಪಾಲಿಗೆ ಬಂದ ಕೆಲಸವೂ ಅದೇ ಆಯಿತು: ಹಾರುವ ವಿಮಾನದಿಂದ ನೆಲಕ್ಕೆ ಲೇಸರ್ ಕಿರಣದಲ್ಲಿ ಮಾಹಿತಿ ಕಳುಹಿಸುವ ಹಗುರವಾದ ಉಪಕರಣದ ವಿನ್ಯಾಸ. ರೇಡಿಯೋ ಅಲೆ ವಿಶಾಲವಾಗಿ ಹರಡುತ್ತದೆ. ಲೇಸರ್ ಕಿರಣವಾದರೋ, ಮಿಲಿರೇಡಿಯನ್ನಿನ ಹತ್ತನೆಯ ಒಂದು ಭಾಗದಷ್ಟು ಹರಡುವಂತಿದ್ದರೆ, ೨೦ ಕಿಲೋಮೀಟರ್ ದೂರದಲ್ಲಿ ಕೇವಲ ೨ ಮೀಟರ್ ಅಗಲದ ವೃತ್ತವಾಗುತ್ತದೆ. ಅಲ್ಪ ಶಕ್ತಿಯಿಂದ ಅಪಾರ ಮಾಹಿತಿಯನ್ನು ಸಾಗಿಸಲು ಸಾಧ್ಯವಾಗುವುದು ಇದರಿಂದಲೇ. ಗುರಿ ಕೂದಲೆಳೆಯಷ್ಟು ತಪ್ಪಿದರೆ ಸಂಪರ್ಕ ಕಡಿಯುವುದೂ ಇದರಿಂದಲೇ.

ಮೊದಲ ಮಾದರಿಯಲ್ಲಿ ತೂಕ ಇಳಿಸುವ ಆತುರಕ್ಕೆ ಚೌಕಟ್ಟನ್ನು ತೀರ ತೆಳುವಾಗಿಸಿದವನು ನಾನೇ. ಎಂಜಿನ್ನಿನ ಕಂಪನವನ್ನು ಅನುಕರಿಸುವ ಮೇಜಿನ ಮೇಲಿಟ್ಟಾಗ ಅದು ಅನುರಣಿಸಿ ಕಿರಣ ಕುಣಿದಾಡಿತು. ಒಂದು ವರ್ಷದ ಶ್ರಮ ಹತ್ತು ನಿಮಿಷದಲ್ಲಿ ಮುಗಿಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ತೂಕವನ್ನು ಕೆರೆದು ತೆಗೆಯುವುದಲ್ಲ, ಇರುವ ಭಾರವನ್ನು ನೆಲಕ್ಕೆ ಹೊರಿಸಬೇಕು ಎಂಬುದು ನಿಧಾನವಾಗಿ ತಿಳಿಯಿತು. ದೊಡ್ಡ ದೂರದರ್ಶಕ ಕೆಳಗಿರಲಿ. ಅಲ್ಲಿಂದ ಅಗಲವಾದ ದಾರಿದೀಪದ ಕಿರಣವೊಂದು ಮೇಲೇಳಲಿ. ವಿಮಾನದ ಉಪಕರಣ ಅದನ್ನು ಹಿಡಿದು, ಪುಟ್ಟ ಕನ್ನಡಿಯೊಂದನ್ನು ಸೆಕೆಂಡಿಗೆ ನೂರಾರು ಬಾರಿ ತಿದ್ದಿಕೊಂಡರೆ ಸಾಕು. ೨೦೧೩ರಲ್ಲಿ ಜರ್ಮನಿಯ ಡಿ.ಎಲ್.ಆರ್. ಸಂಸ್ಥೆಯವರು ಗಂಟೆಗೆ ೮೦೦ ಕಿಲೋಮೀಟರ್ ವೇಗದ ಟೊರ್ನೇಡೊ ಯುದ್ಧವಿಮಾನದಿಂದ ೬೦ ಕಿಲೋಮೀಟರ್ ದೂರದ ನೆಲೆಗೆ ಸೆಕೆಂಡಿಗೆ ೧.೨೫ ಗಿಗಾಬಿಟ್ ಕಳುಹಿಸಿದ್ದರು. ನಮ್ಮದು ಅಷ್ಟು ದೊಡ್ಡ ಸಾಹಸವಲ್ಲ. ಆದರೂ ಎರಡನೆಯ ಮಾದರಿಯ ಕಿರಣ ಆ ಮೇಜಿನ ಮೇಲೆ ಅಲುಗಾಡದೆ ನಿಂತಿತು.

ಈ ಸುದ್ದಿಯನ್ನು ಮೇಷ್ಟ್ರಿಗೆ ತಿಳಿಸಲೆಂದೇ ಒಂದು ಚಳಿಗಾಲದ ಬೆಳಗ್ಗೆ ತಳಿ ರಸ್ತೆಯಲ್ಲಿ ಹೊರಟೆ. ಬೆಳಗೊಂಡಪಲ್ಲಿಯ ವಿಮಾನ ಓಡುದಾರಿ ಮಂಜಿನಲ್ಲಿ ಮುಳುಗಿತ್ತು. ಮನೆಯ ಜಗಲಿಯಲ್ಲಿ ಶಾಲು ಹೊದ್ದು ಕುಳಿತಿದ್ದ ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಂಡು, ಬೀದಿಯ ಕಡೆ ಕೈತೋರಿ, "ಇಂಥ ಮಂಜು ಕವಿದರೆ ಏನು ಮಾಡ್ತೀಯಪ್ಪ?" ಎಂದರು.

ಮಂಜಿನ ಹನಿಗಳು ಬೆಳಕನ್ನು ಚದುರಿಸಿಬಿಡುತ್ತವೆ, ಮೋಡವೂ ಹಾಗೆಯೇ. ಇದಕ್ಕೆ ಹಗುರವಾದ ಉಪಾಯವಿಲ್ಲ.

"ಪಕ್ಕದಲ್ಲೊಂದು ರೇಡಿಯೋವನ್ನೂ ಇಟ್ಟುಕೊಂಡಿರ್ತೀವಿ, ಸಾರ್" ಎಂದೆ.

ಮೇಷ್ಟ್ರು ನಕ್ಕು, ಒಳಗೆ ಕಾಫಿಗೆ ಹೇಳಿದರು.