ನಾಲ್ಕನೇ ಮಹಡಿಯ ಲೆಕ್ಕ

ರೇಷ್ಮೆ ಸಂಸ್ಥೆ ಮೆಟ್ರೊ ನಿಲ್ದಾಣದಲ್ಲಿ ಇಳಿದು, ಕನಕಪುರ ರಸ್ತೆಯ ದೂಳು ಕುಡಿಯುತ್ತಾ ಹತ್ತು ನಿಮಿಷ ನಡೆದಿದ್ದೇವೆ. ಶನಿವಾರ, ಬೆಳಿಗ್ಗೆ ಒಂಬತ್ತೂವರೆ. ತಂಗಿಯ ಕೈಯಲ್ಲಿ ಹೊಸ ನೋಟ್‌ಬುಕ್ಕಿದೆ. ಒಂಬತ್ತು ವರ್ಷ ದುಡಿದು ಕೂಡಿಸಿದ 18 ಲಕ್ಷ ಅವಳ ಖಾತೆಯಲ್ಲಿದೆ. ಬಾಡಿಗೆಗೆ ಕೊಡಲು ಒಂದು ಫ್ಲ್ಯಾಟ್ ಕೊಳ್ಳಬೇಕು ಅಂತ ಹೊರಟಿದ್ದಾಳೆ. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಬಂದಿದ್ದೇನೆ.

ಲಿಫ್ಟು ನಾಲ್ಕನೇ ಮಹಡಿಯಲ್ಲಿ ನಿಲ್ಲುತ್ತದೆ. ಬ್ರೋಕರ್ ಬೀಗ ತೆಗೆಯುತ್ತಾರೆ. "ಎರಡು ಬೆಡ್‌ರೂಮು, ಪೂರ್ವದ ಬಾಗಿಲು, 60 ಲಕ್ಷ. ಬಾಡಿಗೆ ಬರುತ್ತಲ್ಲ ಮೇಡಂ, ಇಎಂಐ ಅದರಲ್ಲೇ ತೀರಿಹೋಗುತ್ತೆ."

ಹಾಲಿನ ತುಂಬ ಎಳೆಬಿಸಿಲು. ತಂಗಿ ಕಿಟಕಿಯ ಬಳಿ ನಿಂತುಬಿಟ್ಟಿದ್ದಾಳೆ; ಪರದೆಯ ಬಣ್ಣ ಆರಿಸಿ ಆಯಿತೆಂದು ಅವಳ ಮುಖವೇ ಹೇಳುತ್ತಿದೆ. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತೇನೆ. ಮೊದಲು ಬುಸ್ ಅಂತ ಗಾಳಿ, ಆಮೇಲೆ ಕಂದು ನೀರು, ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ. ಗೋಡೆಯ ಕೆಳಮೂಲೆಯಲ್ಲಿ ಬಣ್ಣ ಉಬ್ಬಿದೆ. ಬೆರಳು ತಾಕಿಸಿದರೆ ಒದ್ದೆ ಸುಣ್ಣದ ಪುಡಿ ಉದುರುತ್ತದೆ. ಆ ಪುಡಿಯನ್ನು ಹಾಗೇ ಅಂಗೈಯಲ್ಲಿ ತಂದು ಅವಳಿಗೆ ತೋರಿಸುತ್ತೇನೆ.

ಲಿಫ್ಟಿಗೆ ಕಾಯುವಾಗ ಬ್ರೋಕರ್ ದನಿ ತಗ್ಗಿಸುತ್ತಾರೆ. "ಓನರು 10 ಲಕ್ಷ ಕ್ಯಾಶ್ ಕೇಳ್ತಿದ್ದಾರೆ. 50ಕ್ಕೆ ರಿಜಿಸ್ಟರ್ ಮಾಡಿಸಿದರೆ ನಿಮಗೂ ಉಳಿತಾಯ."

ಕೆಳಗೆ ಗೇಟಿನ ಬಳಿ ಸೆಕ್ಯೂರಿಟಿಯವರು ಕುರ್ಚಿ ಬಿಟ್ಟೆದ್ದು ಮಾತಿಗೆ ನಿಲ್ಲುತ್ತಾರೆ. ಮನೆ ನೋಡಲು ಹೋದಾಗ ಇವರ ಹತ್ತಿರ ಐದು ನಿಮಿಷ ನಿಲ್ಲದೆ ಬರಬಾರದು. "ಮೂರನೇ ಫ್ಲೋರಿನವರು ಮೇಂಟೆನೆನ್ಸ್ ಸೇರಿ 20,000 ಕೊಡ್ತಾರೆ. ಅವರ ಪಕ್ಕದ್ದು ಎರಡು ತಿಂಗಳಿಂದ ಖಾಲಿ. ಬೇಸಿಗೇಲಿ ಟ್ಯಾಂಕರ್ ನೀರೇ ಗತಿ ಅಮ್ಮಾ." 2024ರ ಬೇಸಿಗೆಯಲ್ಲಿ ಊರಿನ ಬೋರ್‌ವೆಲ್‌ಗಳು ಬತ್ತಿದ್ದನ್ನು ಬೆಂಗಳೂರಿನ ಯಾರೂ ಮರೆತಿಲ್ಲ. ತಂಗಿ ನೋಟ್‌ಬುಕ್ಕು ತೆಗೆದು ಮೊದಲ ಸಾಲು ಬರೆಯುತ್ತಾಳೆ.

ಹನ್ನೊಂದು ಗಂಟೆಗೆ ಜಯನಗರದ ಚಿಕ್ಕಪ್ಪನ ಮನೆಯಲ್ಲಿದ್ದೇವೆ. ಬ್ಯಾಂಕಿನಲ್ಲಿ ಗೃಹಸಾಲದ ಫೈಲು ನೋಡಿಯೇ ನಿವೃತ್ತರಾದವರು. ಚಿಕ್ಕಮ್ಮ ಕಾಫಿ ತಂದಿಡುತ್ತಾರೆ. ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಪೆನ್ನು ಕೇಳುತ್ತಾರೆ.

"60 ಲಕ್ಷದ ಮನೆಗೆ ಬ್ಯಾಂಕು ಹೆಚ್ಚೆಂದರೆ ಶೇ 80 ಕೊಡುತ್ತೆ. 48 ಲಕ್ಷ. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಅದು. ಉಳಿದ 12 ಲಕ್ಷ ನಿಂದು. ರಿಜಿಸ್ಟ್ರೇಷನ್ ಖರ್ಚು ಸಾಲದಲ್ಲಿ ಸೇರೋದಿಲ್ಲ, ಗೊತ್ತಾ?"

ತಂಗಿ ತಲೆ ಅಲ್ಲಾಡಿಸುತ್ತಾಳೆ. ಗೊತ್ತಿರಲಿಲ್ಲ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2. ನಗರದಲ್ಲಿ ಎಲ್ಲ ಸೇರಿ ಶೇ 7.6. ಚಿಕ್ಕಪ್ಪ ಗುಣಿಸಿ ಬರೆಯುತ್ತಾರೆ: 4,56,000. ಹದಿನೆಂಟರಲ್ಲಿ ಉಳಿಯುವುದು 1,44,000.

"ಈಗ ಕಂತು. ಶೇ 8.5 ಬಡ್ಡಿ, 20 ವರ್ಷ ಅಂದ್ಕೊ. ತಿಂಗಳಿಗೆ 41,655. ಮೊದಲನೇ ಕಂತಿನಲ್ಲಿ 34,000 ಬರೀ ಬಡ್ಡಿ. ಅಸಲಿಗೆ ಹೋಗೋದು 7,655." ಆ ಎರಡು ಅಂಕಿಗಳ ಕೆಳಗೆ ಅವರು ಒತ್ತಿ ಗೆರೆ ಎಳೆಯುತ್ತಾರೆ. ಹಾಳೆಯ ಹಿಂಬದಿಗೂ ಗೀರು ಮೂಡುತ್ತದೆ.

ಬಾಡಿಗೆ 20,000ದಲ್ಲಿ ಮೇಂಟೆನೆನ್ಸ್ 3,000 ಕಳೆದರೆ ಕೈಗೆ ಬರುವುದು 17,000. ಪ್ರತಿ ತಿಂಗಳೂ 24,655 ರೂಪಾಯಿ ಅವಳ ಸಂಬಳದಿಂದಲೇ ಹೋಗಬೇಕು. ಮನೆ ಖಾಲಿ ಬಿದ್ದರೆ ಮೇಂಟೆನೆನ್ಸೂ ಸೇರಿ 44,655.

"ಅಡ್ವಾನ್ಸು ಒಂದೂವರೆ ಲಕ್ಷ ಬರುತ್ತಲ್ಲ ಚಿಕ್ಕಪ್ಪ?"

"ಅದು ಬಾಡಿಗೆದಾರರ ದುಡ್ಡು, ಪುಟ್ಟಿ. ಅವರು ಬಿಡುವ ದಿನ ವಾಪಸ್ ಎಣಿಸಬೇಕು."

ತಂಗಿ ತೆರಿಗೆಯ ಮಾತೆತ್ತುತ್ತಾಳೆ. ಸಾಲದ ಮೇಲೆ ತೆರಿಗೆ ಉಳಿಯುತ್ತದೆಂದು ಆಫೀಸಿನಲ್ಲಿ ಎಲ್ಲರೂ ಹೇಳಿದ್ದಾರಂತೆ. ಅವಳು ಇರುವುದು ಹೊಸ ತೆರಿಗೆ ಪದ್ಧತಿಯಲ್ಲಿ. ಬಾಡಿಗೆಯಲ್ಲಿ ಶೇ 30 ಕಳೆಯಬಹುದು, ಬಡ್ಡಿಯನ್ನೂ ಕಳೆಯಬಹುದು. ಹಾಗಾಗಿ ಬಾಡಿಗೆಗೆ ತೆರಿಗೆ ಬೀಳುವುದಿಲ್ಲ. ಆದರೆ ಮಿಕ್ಕ ನಷ್ಟವನ್ನು ಸಂಬಳಕ್ಕೆ ವಜಾ ಹಾಕಿಕೊಳ್ಳಲು ಹೊಸ ಪದ್ಧತಿ ಬಿಡುವುದಿಲ್ಲ. ಹಳೆಯದರಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಬಿಡುತ್ತದೆ. ಬರೀ ಅದಕ್ಕಾಗಿ ಹಳೆಯದಕ್ಕೆ ಮರಳುವುದು ಲಾಭವೋ ಅಲ್ಲವೋ, ಅವಳ ಸಂಬಳದ ಚೀಟಿ ಇಟ್ಟುಕೊಂಡು ಬೇರೆಯೇ ಕೂಡಿ ಕಳೆಯಬೇಕು.

ಕ್ಯಾಶಿನ ವಿಷಯ ನಾನೇ ಹೇಳುತ್ತೇನೆ. ಚಿಕ್ಕಪ್ಪನ ಮುಖ ಗಂಟಿಕ್ಕುತ್ತದೆ. "ಆಸ್ತಿ ಮಾರಾಟಕ್ಕೆ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯೋದೇ ಕಾನೂನಿಗೆ ವಿರುದ್ಧ. ಪಡೆದವರಿಗೆ ಅಷ್ಟೇ ಮೊತ್ತದ ದಂಡ. ಇನ್ನು ನಿನ್ನ ಪಾಡು ನೋಡು. ಪತ್ರದಲ್ಲಿ 50 ಅಂತಿದ್ದರೆ ಬ್ಯಾಂಕು ಕೊಡೋದು 40. ಕೈಯಿಂದ 20 ಲಕ್ಷ ಎಲ್ಲಿಂದ ತರ್ತೀಯ? ಮುಂದೆ ಮಾರುವಾಗ ನೀನು ಕೊಂಡಿದ್ದೂ 50ಕ್ಕೇ ಅಂತಾಗುತ್ತೆ. ಎರಡು ವರ್ಷ ಕಳೆದ ಮೇಲೆ ಮಾರಿದರೆ ಲಾಭಕ್ಕೆ ಶೇ 12.5 ತೆರಿಗೆ. ಕಾಣದ ಆ 10 ಲಕ್ಷಕ್ಕೆ ನಿನ್ನ ಕೈಯಿಂದಲೇ 1,25,000." ಅವಳಿಗೆ ಉಳಿತಾಯವೆಂದು ತೋರಿಸಿದ್ದು ಹೆಚ್ಚಾಗಿ ಮಾರುವವರ ಉಳಿತಾಯ ಎಂಬುದು ನನಗೆ ಆಗ ಹೊಳೆಯುತ್ತದೆ, ಹೊಟ್ಟೆ ಉರಿಯುತ್ತದೆ.

"ಓನರು ಎಲ್ಲಿರೋದು, ಕೇಳಿದೆಯಾ? ಇಲ್ಲೇ ಇದ್ದರೆ 60 ಲಕ್ಷಕ್ಕೆ ಶೇ 1, ಅಂದರೆ 60,000 ನೀನೇ ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕು. ವಿದೇಶದಲ್ಲಿ ನೆಲೆಸಿದವರಾದರೆ ಶೇ 1 ಸಾಲದು, ತುಂಬ ಹೆಚ್ಚು ಹಿಡಿಯಬೇಕು. ತಪ್ಪಿದರೆ ನೋಟಿಸು ನಿನಗೆ."

ತಂಗಿ ಫೋನ್ ತೆಗೆದು ಬ್ರೋಕರ್‌ಗೆ ಕರೆ ಮಾಡುತ್ತಾಳೆ. ದನಿ ನಡುಗುತ್ತಿಲ್ಲ. "ಇ-ಖಾತಾ, ಮದರ್ ಡೀಡ್, ಮೂವತ್ತು ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), ಬಿಲ್ಡಿಂಗಿನ ಓಸಿ (ಸ್ವಾಧೀನ ಪ್ರಮಾಣಪತ್ರ), ಎಲ್ಲದರ ಕಾಪಿ ಕಳಿಸಿ. ಕೊಂಡರೆ ಪೂರ್ತಿ ಬೆಲೆಗೇ ರಿಜಿಸ್ಟರ್." ಓನರನ್ನು ಕೇಳಿ ಹೇಳುತ್ತೇನೆ ಅನ್ನುತ್ತದೆ ಆ ಕಡೆಯ ದನಿ.

ಚಿಕ್ಕಪ್ಪ ಕೊನೆಯ ಅಂಕಿ ಬರೆದು ಹಾಳೆಯನ್ನು ಅವಳತ್ತ ತಿರುಗಿಸುತ್ತಾರೆ: 2,95,860. ಒಂದು ವರ್ಷದ ಕೊರತೆ. ಅಷ್ಟನ್ನು ಎಫ್‌ಡಿಯಲ್ಲಿ ಬೇರೆ ಇಡದೆ ಸಹಿ ಹಾಕಬೇಡ ಅನ್ನುತ್ತಾರೆ. ಈಗ ಉಳಿಯುವ 1,44,000 ಆರು ತಿಂಗಳಿಗೂ ಸಾಲದು.

ತಂಗಿ ಅದನ್ನು ಕಳೆದು 1,51,860 ಎಂದು ಬರೆಯುತ್ತಾಳೆ. ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ತಿಂಗಳು ಎಣಿಸತೊಡಗುತ್ತಾಳೆ.