ಕತ್ತಿ ಕೆಂಪಾದರೆ

ಮಳೆ ಹಿಡಿದು ವಾರವಾಗಿತ್ತು. ಸಾಗರ ತಾಲ್ಲೂಕಿನ ಬ್ಯಾಕೋಡಿನ ಆ ಅಡಿಕೆ ತೋಟದಲ್ಲಿ ಅಂದು ಅಪರೂಪಕ್ಕೆ ಹೊಳವಾಗಿತ್ತು. ಕೊನೆಗಾರ ಮರ ಹತ್ತಲು ಸಿದ್ಧನಾಗಿದ್ದ. ಯಜಮಾನರು ಪ್ಲಾಸ್ಟಿಕ್ ಪೀಪಾಯಿಯಲ್ಲಿ ಕೊಳೆರೋಗದ ಔಷಧಿ, ಅಂದರೆ ಬೋರ್ಡೋ ದ್ರಾವಣ ಕಲಸುತ್ತಿದ್ದರು. 1 ಕಿಲೋ ಮೈಲುತುತ್ತ 50 ಲೀಟರ್ ನೀರಿಗೆ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿದು ತಿರುವಿದಾಗ ಪೀಪಾಯಿಯೊಳಗೆ ಆಕಾಶದ ಬಣ್ಣ.

ಹತ್ತನೇ ತರಗತಿಯ ಮಗಳು ತಿಕ್ಕಿದ ಕತ್ತಿಯೊಂದನ್ನು ಅದರಲ್ಲಿ ಅದ್ದಿ ತೆಗೆದಳು.

"ಅಪ್ಪಯ್ಯ, ಕತ್ತಿ ಕೆಂಪಗಾಯ್ತು ನೋಡು."

"ಅಳತೆ ಸರಿಯಾಗೇ ಇದೆ ಕೂಸೇ. ಮಳೆ ಬರೋದರೊಳಗೆ ಹೊಡೆದು ಮುಗಿಸ್ಬೇಕು."

"ಅಳತೆ ಸರಿ, ಸುಣ್ಣ ಸರಿಯಿಲ್ಲ."

ಮಗಳ ಮಾತು ನಿಜವಾಗಿತ್ತು. ಸುಣ್ಣದ ಚೀಲ ಹಿಂದಿನ ವರ್ಷದಿಂದ ಬಾಯಿ ತೆರೆದೇ ಬಿದ್ದಿತ್ತು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿದ ಸುಣ್ಣ ಸೀಮೆಸುಣ್ಣದಂತೆ ಸಪ್ಪೆಯಾಗುತ್ತದೆ. ಆಗ ತಾಮ್ರದ ಅಯಾನುಗಳೆಲ್ಲ ನೀಲಿ ಕಣಗಳಾಗದೆ, ಕೆಲವು ನೀರಿನಲ್ಲಿ ಕರಗಿದಂತೆಯೇ ಉಳಿಯುತ್ತವೆ. ಕಬ್ಬಿಣ ಕಂಡೊಡನೆ ಅವು ತಾಮ್ರವಾಗಿ ಅದರ ಮೇಲೆ ಕೂರುತ್ತವೆ. ಅವೇ ಅಯಾನುಗಳು ಎಳೆಗಾಯಿಯನ್ನೂ ಸುಡುತ್ತವೆ.

ಹೊಸ ಸುಣ್ಣಕ್ಕೆ ಸಾಗರಕ್ಕೆ ಹೋಗೋಣವೆಂದರೆ ದಿನವೇ ಕಳೆಯುತ್ತಿತ್ತು. ಆಗ ಶರಾವತಿ ಹಿನ್ನೀರು ದಾಟಲು ಲಾಂಚ್ ಕಾಯಬೇಕಿತ್ತು. ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಕೊನೆಗೆ ಪಕ್ಕದ ಮನೆಯಿಂದ ಸುಣ್ಣ ಕಡ ತಂದರು. ಅದರ ಹಾಲನ್ನು ಸೋಸಿ, ಸ್ವಲ್ಪ ಸ್ವಲ್ಪವೇ ಸೇರಿಸಿ, ಪ್ರತಿಸಲವೂ ಕತ್ತಿ ತಿಕ್ಕಿ ಅದ್ದಿದರು. ಮೂರನೆಯ ಸಲ ಕತ್ತಿ ಹೊಳೆಯುತ್ತಲೇ ಹೊರಬಂತು.

ಈ ದ್ರಾವಣದ ಹಿಂದೆ ದೊಡ್ಡ ಕಥೆಯಿದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಕಳ್ಳರನ್ನು ಹೆದರಿಸಲು ದಾರಿ ಬದಿಯ ದ್ರಾಕ್ಷಿಗೆ ತುತ್ತ-ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗುಲದ್ದನ್ನು ಗಮನಿಸಿದ ಮಿಲಾರ್ಡೆ 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ನಮ್ಮ ಕನ್ನಡದ 'ಕೊಳೆರೋಗ' ಎಂಬ ಪದವೇ ವಿಜ್ಞಾನದ ಪುಸ್ತಕಗಳನ್ನು ಸೇರಿತು.

ಕರಗಿದ ಅಯಾನುಗಳು ಕಣಗಳ ಹುಟ್ಟನ್ನು ಆಳುವ ಈ ಆಟವನ್ನೇ ವಿಜ್ಞಾನಿಗಳು ಇನ್ನೂ ಸೂಕ್ಷ್ಮವಾಗಿ ಆಡುತ್ತಾರೆ. ಎಣ್ಣೆಯಂಥ ದ್ರವಕ್ಕೆ ಸಾಬೂನಿನಂಥ ವಸ್ತು ಸೇರಿಸಿದರೆ ನೀರು ಕಣ್ಣಿಗೆ ಕಾಣದ ಹನಿಗಳಾಗಿ ನಿಲ್ಲುತ್ತದೆ. ಇದು ಮೈಕ್ರೋಎಮಲ್ಷನ್. ಹನಿಯ ಅಗಲ ಕೆಲವು ನ್ಯಾನೋಮೀಟರ್; 1 ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೋಮೀಟರುಗಳಿವೆ. ಕ್ಯಾಲ್ಸಿಯಂ ಇರುವ ಹನಿಗೆ ಕಾರ್ಬೊನೇಟ್ ಇರುವ ಹನಿ ಢಿಕ್ಕಿಯಾದಾಗ ಒಳಗೇ ಸುಣ್ಣಕಲ್ಲಿನ ಪುಟ್ಟ ಕಣ ಹುಟ್ಟುತ್ತದೆ. ಆ ನೀರಿನಲ್ಲಿ ಮೆಗ್ನೀಸಿಯಂ ಅಯಾನುಗಳೂ ಇದ್ದರೆ ಕ್ಯಾಲ್ಸೈಟ್ ಎಂಬ ಹರಳು ಬೆಳೆಯಲು ತಡೆಯಾಗುತ್ತದೆ. ಕಣ ಬೇರೆ ರೂಪ ತಾಳಬಹುದು, ಹರಳಾಗದೆಯೂ ಉಳಿಯಬಹುದು.

ಬ್ಯಾಕೋಡಿನಲ್ಲಿ ಮಧ್ಯಾಹ್ನ ಮಳೆ ಮತ್ತೆ ಸುರಿಯಿತು. ಅಷ್ಟರಲ್ಲಿ ಅರ್ಧ ತೋಟ ಮುಗಿದಿತ್ತು. ಉಳಿದ ಔಷಧಿ ನಾಳೆಗಾಗುವುದಿಲ್ಲ. ಇಟ್ಟಷ್ಟೂ ಕಣಗಳು ದಪ್ಪವಾಗಿ ಕಾಯಿಗೆ ಅಂಟುವುದಿಲ್ಲ. ಯಜಮಾನರು ಮನಸ್ಸಿಲ್ಲದ ಮನಸ್ಸಿನಿಂದ ಅದನ್ನು ಬಿಟ್ಟರು. ಆ ವರ್ಷ ಉಳಿದರ್ಧ ತೋಟದಲ್ಲಿ ಒಂದಷ್ಟು ಕಾಯಿ ಉದುರಿದವು. ಹೊಡೆದ ಕಡೆ ಕೊನೆಗಳು ನಿಂತವು.

ಮರುವರ್ಷ ಪೀಪಾಯಿ ಅಂಗಳಕ್ಕೆ ಬಂದಾಗ ಯಜಮಾನರು ಒಳಗೆ ಕೂಗಿದರು: "ಕೂಸೇ, ಕತ್ತಿ ತಗೊಂಡು ಬಾ."